ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದೇ?

'ಅಲ್ಲಾಹನ ಮೇಲೆ ತವಕ್ಕುಲ್ ಇದೆ, ಮಾತ್ರೆ ಯಾಕೆ?' ಎಂದು ಸಕ್ಕರೆ ಕಾಯಿಲೆಯ ಔಷಧಿ ನಿಲ್ಲಿಸುವ ತಾಯಂದಿರು ಇಂದಿಗೂ ಇದ್ದಾರೆ. ಉಡುಪಿ, ಮಣಿಪಾಲದ ಆಸ್ಪತ್ರೆಗಳು ಬಸ್ಸಿಗೆ ಸಿಗುವಷ್ಟು ಹತ್ತಿರವಿದ್ದರೂ!

ತವಕ್ಕುಲ್ ಮತ್ತು ವಕೀಲ ಒಂದೇ ಅರಬಿ ಧಾತುವಿನಿಂದ ಬಂದ ಪದಗಳು. 'ಅಲ್ ವಕೀಲ್' ಅಲ್ಲಾಹನ ನಾಮಗಳಲ್ಲೊಂದು. ಕಾರ್ಕಳದ ಕೋರ್ಟಿನಲ್ಲಿ ವಕಾಲತ್ತಿಗೆ ಸಹಿ ಹಾಕಿದರೆ ನಮ್ಮ ಕೆಲಸ ಮುಗಿಯಿತೇ? ದಾಖಲೆ ಒದಗಿಸಬೇಕು, ಕರೆದ ದಿನ ಹಾಜರಾಗಬೇಕು. (ಅಲ್ಲಾಹನಿಗೆ ನಮ್ಮ ದಾಖಲೆ ಬೇಕಿಲ್ಲ, ಹೋಲಿಕೆ ಅಷ್ಟಕ್ಕೇ.)

ಒಂಟೆಯನ್ನು ಕಟ್ಟಿ ಭರವಸೆಯಿಡಲೇ, ಬಿಟ್ಟು ಇಡಲೇ ಎಂದು ಕೇಳಿದವರಿಗೆ ಕಟ್ಟಿಯೇ ಇಡಲು ಪ್ರವಾದಿ(ಸ) ತಿಳಿಸಿದ್ದು ತಿರ್ಮಿದಿಯಲ್ಲಿದೆ. ಚಿಕಿತ್ಸೆ ಪಡೆಯಿರೆಂದೂ ಅವರು ಹೇಳಿದ್ದಾರೆ. ಹಿಜರಿ 18ರ ಸುಮಾರಿಗೆ ಸಿರಿಯಾದಲ್ಲಿ ಪ್ಲೇಗ್ ಹಬ್ಬಿದಾಗ ಖಲೀಫಾ ಉಮರ್(ರ) ದಾರಿಯಿಂದಲೇ ಮರಳಿದರು. ಇದು ಅಲ್ಲಾಹನ ವಿಧಿಯಿಂದ ಪಲಾಯನವಲ್ಲವೇ ಎಂದು ಅಬೂ ಉಬೈದಾ(ರ) ಕೇಳಿದರು. ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರವಾಗಿತ್ತು. ಕಾಪುವಿನಲ್ಲಿ 1901ರ ದೀಪಸ್ತಂಭ ನೋಡಿ ದೋಣಿ ತಿರುಗಿಸಿದವರ ಈಮಾನನ್ನು ನಾವು ಸಂಶಯಿಸುವುದಿಲ್ಲವಲ್ಲ!

ರಮಝಾನ್‌ಗೆ ಮುಂಚೆ ಮಾತ್ರೆಯ ಹೊತ್ತಿನ ಬಗ್ಗೆ ಡಾಕ್ಟರರನ್ನು ಕೇಳುವುದೂ ತವಕ್ಕುಲ್‌ನಲ್ಲೇ ಸೇರಿದೆ, ಸಹೋದರಿಯರೇ. ಉಪವಾಸ ಬೇಡವೆಂದು ಅವರು ಹೇಳಿದರೆ, ರೋಗಿಗಳಿಗೆ ರಿಯಾಯಿತಿ ಅಲ್‌ಬಕರ ಅಧ್ಯಾಯದಲ್ಲೇ ಇದೆ.