ನಶ್ಯದ ಡಬ್ಬಿಯ ಕೀಲು

ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಸಭ್ಯನೆನಿಸಿಕೊಳ್ಳಬಯಸಿದವನ ಜೇಬಿನಲ್ಲಿ ಬೇರೇನು ಇರಲಿ ಇಲ್ಲದಿರಲಿ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ನಶ್ಯದ ಡಬ್ಬಿ ಇರಲೇಬೇಕಾಗಿತ್ತು. ನಶ್ಯವೇರಿಸುವ ಅಭ್ಯಾಸ ಆ ದೇಶಗಳಲ್ಲಿ ಈಗ ಬಹುಮಟ್ಟಿಗೆ ಅಳಿದುಹೋಗಿದೆ. ಅಳಿದುದಕ್ಕಾಗಿ ಯಾರೂ ದುಃಖಿಸಬೇಕಾದುದಿಲ್ಲ. ಆದರೆ ಆ ಚಿಟಿಕೆ ಪುಡಿಯನ್ನು ಕಾಯ್ದಿಡುವುದಕ್ಕೆಂದು ಅಕ್ಕಸಾಲಿಗರೂ ರತ್ನಶಿಲ್ಪಿಗಳೂ ಚಿತ್ರಕಾರರೂ ಬಡಗಿಗಳೂ ನಿರ್ಮಿಸಿದ ಸಂಪುಟಗಳು ಉಳಿದುಕೊಂಡಿವೆ. ಅವನ್ನು ಹುಡುಕಿ, ಗುರುತಿಸಿ, ಕಾಪಾಡುವುದು ಒಂದು ಗಂಭೀರವಾದ ವಿದ್ಯೆಯಾಗಿಯೇ ಬೆಳೆದಿದೆ.

ಹೊಗೆಸೊಪ್ಪು ಅಮೆರಿಕಾ ಖಂಡದಿಂದ ಬಂದುದು. ಲಿಸ್ಬನ್ನಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜ್ಯಾಂ ನಿಕೊ 1560ರ ಸುಮಾರಿಗೆ ಅದನ್ನು ಔಷಧದ್ರವ್ಯವೆಂದು ರಾಣಿ ಕ್ಯಾಥರೀನ್ ದ ಮೆದಿಚಿಗೆ ಕಳುಹಿಸಿಕೊಟ್ಟನು. ಮೊಗಲರ ಆಸ್ಥಾನಕ್ಕೆ ಅದು ಪ್ರವೇಶಿಸಿದುದು ನಮ್ಮ ಬಿಜಾಪುರದ ಮಾರ್ಗವಾಗಿ ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಆದಿಲಶಾಹಿ ರಾಜಧಾನಿಗೆ ದೂತನಾಗಿ ಬಂದಿದ್ದ ಅಸದ್ ಬೇಗನು ಅಲ್ಲಿ ಕಂಡ ಹೊಗೆಸೊಪ್ಪನ್ನು ಹದಿನೇಳನೆಯ ಶತಮಾನದ ಆದಿಯಲ್ಲಿ ಅಕ್ಬರನ ಸನ್ನಿಧಿಗೆ ಒಪ್ಪಿಸಿದನು. ಯೂರೋಪಿನಲ್ಲಿ ಅದನ್ನು ಸೇದುವುದಕ್ಕಿಂತ ಪುಡಿಮಾಡಿ ಮೂಗಿಗೇರಿಸುವುದೇ ಕುಲೀನರ ಪದ್ಧತಿಯಾಯಿತು. ದೇವಾಲಯದೊಳಗೆ ಸೀನುವ ಭಕ್ತರಿಂದ ಬೇಸತ್ತು, ಸೆವಿಲ್ ಪ್ರಾಂತದ ಇಗರ್ಜಿಗಳಲ್ಲಿ ಹೊಗೆಸೊಪ್ಪನ್ನು ಬಳಸುವವರಿಗೆ ಬಹಿಷ್ಕಾರವೆಂದು ಎಂಟನೆಯ ಅರ್ಬನ್ ಪೋಪನು 1642ರಲ್ಲಿ ಆಜ್ಞೆ ಹೊರಡಿಸಿದನು; ಅದರಿಂದ ಚಟ ನಿಲ್ಲಲಿಲ್ಲ.

ನಶ್ಯವೆಂಬುದು ಬಹಳ ಸೂಕ್ಷ್ಮಸ್ವಭಾವದ ಪದಾರ್ಥ. ಗಾಳಿ ತಗಲಿದರೆ ಒಣಗಿ ಪರಿಮಳವನ್ನು ಕಳೆದುಕೊಳ್ಳುತ್ತದೆ. ತೇವ ತಗಲಿದರೆ ಗಂಟುಕಟ್ಟುತ್ತದೆ. ಮುಚ್ಚಳ ಸಡಿಲವಾದರೆ ರೇಷ್ಮೆಯ ಒಳಅಂಗಿಗೆಲ್ಲ ಉದುರಿ ಕಲೆಮಾಡುತ್ತದೆ. ಆದುದರಿಂದ ಡಬ್ಬಿ ಬಂಗಾರದ್ದಾಗಲಿ, ಕೊಂಬಿನದಾಗಲಿ, ಅದನ್ನು ನಿರ್ಮಿಸುವವನ ಮುಂದಿದ್ದ ಪ್ರಶ್ನೆ ಒಂದೇ: ದಿನಕ್ಕೆ ಹತ್ತಾರು ಬಾರಿ ತೆರೆದು ಮುಚ್ಚಿದರೂ ಗಾಳಿಯಾಡದಂತೆ ಕೂಡುವ ಮುಚ್ಚಳವನ್ನು ಮಾಡುವುದು ಹೇಗೆ? ಹೊಸದಾಗಿ ಸಂಗ್ರಹಕ್ಕೆ ಇಳಿದವನು ಮುಚ್ಚಳದ ಮೇಲಿನ ಚಿತ್ರಕ್ಕೆ ಮನಸೋಲುತ್ತಾನೆ; ನುರಿತವನು ಮೊದಲು ಡಬ್ಬಿಯನ್ನು ಹಿಂದುಮುಂದಾಗಿ ತಿರುಗಿಸಿ ಕೀಲನ್ನು ನೋಡುತ್ತಾನೆ, ಅನಂತರ ಮುಚ್ಚಳವನ್ನು ಮೆಲ್ಲನೆ ಒತ್ತಿ ಅದು ಕೂಡುವ ಸದ್ದಿಗೆ ಕಿವಿಗೊಡುತ್ತಾನೆ. ಈ ಕ್ರಮವೇ ಸರಿಯಾದುದೆಂದು ನನ್ನ ದೃಢವಾದ ನಂಬಿಕೆ. ಚಿನ್ನದ ತೂಕವನ್ನು ತಕ್ಕಡಿ ಹೇಳುತ್ತದೆ, ರತ್ನದ ಬೆಲೆಯನ್ನು ವ್ಯಾಪಾರಿ ಹೇಳುತ್ತಾನೆ. ಕೈಕಸಬಿನ ಮಟ್ಟವನ್ನು ಹೇಳುವುದು ಕೀಲು ಮಾತ್ರ.

ಪ್ಯಾರಿಸಿನ ಅಕ್ಕಸಾಲಿಗರ ಡಬ್ಬಿಗಳಲ್ಲಿ ಕೀಲು ಎಲ್ಲಿದೆಯೆಂದು ಕಣ್ಣಿಗೆ ಸುಲಭವಾಗಿ ಕಾಣದು. ಹತ್ತಾರು ಸಣ್ಣ ನಳಿಗೆಗಳನ್ನು ಒಂದರ ಮಗ್ಗುಲಿಗೆ ಒಂದರಂತೆ ಮುಚ್ಚಳಕ್ಕೂ ಪೆಟ್ಟಿಗೆಗೂ ಸರದಿಯಾಗಿ ಬೆಸೆದು, ನಡುವೆ ಒಂದೇ ಸರಳನ್ನು ತೂರಿಸಿ, ಮೇಲ್ಮೈಯನ್ನು ಉಜ್ಜಿ ನಯಗೊಳಿಸಿದ ಮೇಲೆ ಅದು ಅಲಂಕಾರದ ಗೆರೆಗಳೊಳಗೆ ಲೀನವಾಗಿಬಿಡುತ್ತದೆ. ಶುದ್ಧ ಚಿನ್ನಕ್ಕೆ ತಾಮ್ರವನ್ನು ಬೆರೆಸಿ ಕೆಂಪು ಛಾಯೆಯನ್ನೂ ಬೆಳ್ಳಿಯನ್ನು ಬೆರೆಸಿ ಹಸಿರು ಛಾಯೆಯನ್ನೂ ಪಡೆದು, ಒಂದೇ ಮುಚ್ಚಳದ ಮೇಲೆ ಹೂಬಳ್ಳಿಗಳನ್ನು ನಾನಾ ವರ್ಣಗಳ ಚಿನ್ನದಿಂದಲೇ ಬಿಡಿಸುತ್ತಿದ್ದರು. ಅಲ್ಲಿನ ಸಂಘದ ಕಟ್ಟಳೆಯೂ ಬಿಗಿಯಾದುದು: ಕುಶಲಕರ್ಮಿಯ ಸ್ವಂತ ಮುದ್ರೆ, ಕೆಲಸ ಆರಂಭವಾದಾಗ ತೆರಿಗೆಯವರು ಒತ್ತುವ ಮುದ್ರೆ, ವರ್ಷಕ್ಕೊಮ್ಮೆ ಬದಲಾಗುವ ಸಂಘದ ಅಕ್ಷರಮುದ್ರೆ, ತೆರಿಗೆ ಸಂದಾಯವಾದ ತರುವಾಯ ಬೀಳುವ ಬಿಡುಗಡೆಯ ಮುದ್ರೆ, ಇವೆಲ್ಲ ಡಬ್ಬಿಯ ಒಳಮೈಯಲ್ಲಿ ಸಾಸಿವೆಯಷ್ಟು ಚಿಕ್ಕದಾಗಿ ಬಿದ್ದಿರುವುದರಿಂದ, ಭೂತಗನ್ನಡಿಯೊಂದಿದ್ದರೆ ಡಬ್ಬಿ ಯಾರದು, ಯಾವ ವರ್ಷದ್ದು ಎಂಬುದನ್ನು ಇಂದಿಗೂ ಓದಬಹುದು. ಲೂಯಿ ನಿಕೊಲಾ ವಾನ್ ಬ್ಲಾರೆನ್‌ಬರ್ಗ್ ಎಂಬ ಚಿತ್ರಕಾರನು 1770ರ ಸುಮಾರಿಗೆ ಮಂತ್ರಿ ಶ್ವಾಸೆಲ್ ಪ್ರಭುವಿಗಾಗಿ ಒಂದು ಡಬ್ಬಿಯ ಮೇಲೆ ಆತನ ಪ್ಯಾರಿಸ್ ನಿವಾಸದ ಕೊಠಡಿಗಳನ್ನೇ, ಗೋಡೆಗೆ ತೂಗುಹಾಕಿದ್ದ ವರ್ಣಚಿತ್ರಗಳ ಸಹಿತ, ಎಷ್ಟು ನಿಖರವಾಗಿ ಬರೆದಿದ್ದಾನೆಂದರೆ, ಆ ಚಿತ್ರಗಳು ಯಾವುವು, ಎಲ್ಲಿ ತೂಗುತ್ತಿದ್ದುವು ಎಂಬುದನ್ನು ಕಲಾಚರಿತ್ರೆಕಾರರು ಆ ಡಬ್ಬಿಯಿಂದಲೇ ನಿರ್ಣಯಿಸಿದ್ದಾರೆ.

ಆದರೂ ನನ್ನ ಮೆಚ್ಚುಗೆಯ ಅಗ್ರಪೀಠ ಡ್ರೆಸ್ಡೆನ್ನಿನ ಯೋಹಾನ್ ಕ್ರಿಶ್ಚಿಯನ್ ನೊಯ್ಬರನಿಗೆ ಸಲ್ಲುತ್ತದೆ. 1736ರಲ್ಲಿ ಹುಟ್ಟಿ ಸ್ಯಾಕ್ಸನಿಯ ಅರಸನ ಆಸ್ಥಾನದ ಅಕ್ಕಸಾಲಿಗನಾದ ಈತನು, ತನ್ನ ನಾಡಿನ ಬೆಟ್ಟಗಳಲ್ಲಿ ದೊರೆಯುವ ಅಗೇಟು, ಜ್ಯಾಸ್ಪರ್, ಕಾರ್ನೀಲಿಯನ್ ಮೊದಲಾದ ಶಿಲೆಗಳನ್ನು ಕಾಗದದಂತೆ ತೆಳುವಾಗಿ ಸೀಳಿ, ಒಂದೊಂದನ್ನೂ ಚಿನ್ನದ ಸಣ್ಣ ಅಂಚುಗಳ ನಡುವೆ ಕೂಡಿಸಿ, ಡಬ್ಬಿಯ ಹೊರಮೈಯನ್ನೆಲ್ಲ ತುಂಬಿದನು. ಪ್ರತಿಯೊಂದು ಶಿಲೆಯ ಪಕ್ಕದ ಚಿನ್ನದ ಅಂಚಿನಲ್ಲಿ ಬರಿಗಣ್ಣಿಗೆ ಕಷ್ಟದಿಂದ ಕಾಣುವ ಒಂದು ಅಂಕಿಯನ್ನು ಕೊರೆದು, ಆ ಅಂಕಿಗೆ ಸರಿಯಾಗಿ ಶಿಲೆಯ ಹೆಸರನ್ನೂ ಅದು ಸಿಕ್ಕ ಸ್ಥಳವನ್ನೂ ತಿಳಿಸುವ ಕಿರುಹೊತ್ತಗೆಯೊಂದನ್ನು ಬರೆದು, ಅದನ್ನು ಡಬ್ಬಿಯ ತಳದ ಗುಪ್ತವಾದ ಅರೆಯಲ್ಲಿ ಅಡಗಿಸಿಡುತ್ತಿದ್ದನು. ನಶ್ಯವನ್ನು ನೀಡುವ ನೆಪದಲ್ಲಿ ಒಂದು ದೇಶದ ಭೂಗರ್ಭವನ್ನೇ ಅತಿಥಿಯ ಕೈಗೆ ಕೊಟ್ಟಂತಾಗುತ್ತಿತ್ತು. ಹೊತ್ತಗೆ ಕಳೆದುಹೋದ ನೊಯ್ಬರ್ ಡಬ್ಬಿಗಳೂ ಉಂಟು. ಹೊತ್ತಗೆಯೊಡನೆ ಉಳಿದವಕ್ಕೆ ವಿದ್ವಾಂಸರಲ್ಲಿಯೂ ಹರಾಜಿನಲ್ಲಿಯೂ ಸಿಗುವ ಮರ್ಯಾದೆಯೇ ಬೇರೆ.

ಅರಸರ ಗೀಳಿನ ಕಥೆಗಳು ಹೇರಳವಾಗಿವೆ. ಪ್ರಷ್ಯಾದ ಮಹಾ ಫ್ರೆಡ್ರಿಕನು ಸೈಲೀಸಿಯಾದ ಹಸಿರು ಕ್ರಿಸೊಪ್ರೇಸ್ ಶಿಲೆಯಿಂದ ವಜ್ರಖಚಿತವಾದ ಡಬ್ಬಿಗಳನ್ನು ಬರ್ಲಿನ್ನಿನಲ್ಲಿ ಮಾಡಿಸುತ್ತಿದ್ದನು. 1759ರ ಕೂನರ್ಸ್‌ಡಾರ್ಫ್ ಯುದ್ಧದಲ್ಲಿ ಶತ್ರುವಿನ ಗುಂಡು ಆತನ ಜೇಬಿನ ಡಬ್ಬಿಗೆ ತಗಲಿ ಪ್ರಾಣ ಉಳಿಯಿತೆಂಬ ಪ್ರತೀತಿಯುಂಟು, ಜಜ್ಜಿದ ಆ ಡಬ್ಬಿಯನ್ನು ಹೊಹೆನ್‌ಜೊಲರ್ನ್ ಕೋಟೆಯಲ್ಲಿ ಕಾದಿರಿಸಿದ್ದಾರೆ. ರಾಜರು ರಾಯಭಾರಿಗಳಿಗೆ ಹಣವನ್ನು ಕೊಡುವುದು ಅಗೌರವವಾದುದರಿಂದ ತಮ್ಮ ಭಾವಚಿತ್ರವುಳ್ಳ ಡಬ್ಬಿಗಳನ್ನು ಕೊಡುತ್ತಿದ್ದರು. ಇಂಗ್ಲೆಂಡಿನ ನಾಲ್ಕನೆಯ ಜಾರ್ಜನ ಪಟ್ಟಾಭಿಷೇಕದ ವೆಚ್ಚದಲ್ಲಿ ವಿದೇಶೀ ಸಚಿವರಿಗೆ ಕೊಟ್ಟ ನಶ್ಯದ ಡಬ್ಬಿಗಳಿಗಾಗಿಯೇ 8,000 ಪೌಂಡಿಗೂ ಹೆಚ್ಚಿನ ಮೊತ್ತ ಲೆಕ್ಕ ಬಿದ್ದಿದೆ.

ಬಡವರ ಡಬ್ಬಿಗಳ ಕಡೆಗೆ ತಿರುಗಿದರೆ ಕೀಲಿನ ವಿದ್ಯೆ ಇನ್ನೂ ಆಶ್ಚರ್ಯಕರವಾಗಿದೆ. ಸ್ಕಾಟ್ಲೆಂಡಿನ ಲಾರೆನ್ಸ್‌ಕರ್ಕ್ ಎಂಬ ಸಣ್ಣ ಊರಿನಲ್ಲಿ ಚಾರ್ಲ್ಸ್ ಸ್ಟೀವನ್ ಎಂಬಾತನು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ತಯಾರಿಸಿದ ಮರದ ಡಬ್ಬಿಗಳಿಗೆ ಲೋಹದ ತಿರುಗಣಿಯನ್ನು ಹೊರಗೆ ಜೋಡಿಸಿಲ್ಲ. ಮುಚ್ಚಳದ ಮರವನ್ನೂ ಪೆಟ್ಟಿಗೆಯ ಮರವನ್ನೂ ಬೆರಳು ಬೆರಳಾಗಿ ಕೊರೆದು, ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಪರಸ್ಪರ ಕೂಡಿಸಿ, ಒಳಗೆ ಸಣ್ಣದೊಂದು ಹಿತ್ತಾಳೆಯ ಸರಳನ್ನು ಹಾಯಿಸಿ, ಅದರ ತುದಿಯನ್ನು ಮರದಿಂದಲೇ ಮುಚ್ಚಿಬಿಟ್ಟಿದ್ದಾರೆ. ಸುಸ್ಥಿತಿಯಲ್ಲಿರುವ ಅಂಥ ಡಬ್ಬಿಯ ಕೀಲಿನ ಸಂದಿಯಲ್ಲಿ ಬೆಳಕು ಹಾಯದು. ಒಳಗೆ ತವರದ ತಗಡನ್ನು ಹಾಸುತ್ತಿದ್ದರು. ಬರಿಯ ಮರದ ಈ ವಸ್ತುವಿನ ಮುಂದೆ ಎಷ್ಟೋ ಬೆಳ್ಳಿಯ ಡಬ್ಬಿಗಳು ಒರಟಾಗಿ ಕಾಣುತ್ತವೆ.

ಚೀನೀಯರು ಕೀಲನ್ನೇ ಕೈಬಿಟ್ಟರು. ಅವರು ಔಷಧದ ಕಿರುಶೀಷೆಯ ಮಾದರಿಯನ್ನು ಹಿಡಿದು, ಬಿರಡೆಗೆ ಪುಟ್ಟ ಚಮಚವನ್ನು ಅಂಟಿಸಿ, ಗಾಜು, ಜೇಡ್, ಪಿಂಗಾಣಿಗಳಲ್ಲಿ ನಶ್ಯದ ಶೀಷೆಗಳನ್ನು ಮಾಡಿದರು. ಪೀಕಿಂಗಿನ ಅರಮನೆಯ ಗಾಜಿನ ಕಾರ್ಖಾನೆ 1696ರಲ್ಲಿ ಜೆಸೂಟ್ ಪಾದ್ರಿಯೊಬ್ಬನ ಮೇಲ್ವಿಚಾರಣೆಯಲ್ಲಿ ಸ್ಥಾಪಿತವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ, ಬಾಗಿದ ಬಿದಿರಿನ ಲೇಖನಿಯನ್ನು ಶೀಷೆಯ ಕಿರಿದಾದ ಬಾಯಿಯೊಳಗೆ ತೂರಿಸಿ ಒಳಮೈಯಲ್ಲಿ ತಿರುಗುಮುರುಗಾಗಿ ಚಿತ್ರ ಬರೆಯುವ ಕಲೆಯೂ ಅಲ್ಲಿ ಬೆಳೆಯಿತು.

ಸಂಗ್ರಹಕ್ಕೆ ಕೈಹಾಕುವವನು ಮೊದಲು ಬೇರ್ಪಡಿಸಲು ಕಲಿಯಬೇಕಾದುದು ಸೋದರ ವಸ್ತುಗಳನ್ನು. ಮುಚ್ಚಳದೊಳಗೆ ಕನ್ನಡಿಯಿದ್ದರೆ ಅದು ಬಹುಶಃ ಹೆಂಗಸರು ಮುಖಕ್ಕೆ ಅಂಟಿಸಿಕೊಳ್ಳುವ ಕೃತಕ ಮಚ್ಚೆಗಳ ಡಬ್ಬಿ. ಒಳಗೆ ರಂಧ್ರಗಳ ಜಾಲರಿಯಿದ್ದರೆ ಸುಗಂಧ ವಿನಿಗರಿನ ಡಬ್ಬಿ. ಬಳಿಕ ಬರುವುದು ನಕಲಿನ ಪ್ರಶ್ನೆ. ಜರ್ಮನಿಯ ಹಾನೌ ನಗರದ ಕರ್ಮಿಗಳು ಪ್ಯಾರಿಸ್ ಮುದ್ರೆಗಳನ್ನು ಹೋಲುವ ಗುರುತುಗಳನ್ನು ಒತ್ತುತ್ತಿದ್ದುದರಿಂದ ಮುದ್ರೆಯೊಂದನ್ನೇ ನಂಬುವಂತಿಲ್ಲ. ಮುಚ್ಚಳ ಒಂದರದು, ಪೆಟ್ಟಿಗೆ ಮತ್ತೊಂದರದು ಆಗಿರುವ ಜೋಡಣೆಗಳೂ ಮಾರುಕಟ್ಟೆಗೆ ಬರುತ್ತವೆ. ಕೀಲಿನ ಬೆಸುಗೆಯಲ್ಲಿ ಹೊಸ ಹೊಳಪು, ಅಂಚಿನಲ್ಲಿ ಕೂದಲೆಳೆಯಷ್ಟು ಓರೆ ಕಂಡರೆ ಸಂದೇಹಪಡಬೇಕು. ಅಲ್ಪ ಬಂಡವಾಳದವರು ಚಿನ್ನದ ಆಸೆಯನ್ನು ಬಿಟ್ಟು ಬರ್ಮಿಂಗ್‌ಹ್ಯಾಮಿನ ಬೆಳ್ಳಿಯ ಡಬ್ಬಿಗಳನ್ನೋ ಕೊಂಬಿನ, ಅರಗುಬಣ್ಣದ ಕಾಗದದ ರೊಟ್ಟಿನ ಡಬ್ಬಿಗಳನ್ನೋ ಹುಡುಕುವುದು ಲೇಸು; 1773ರಲ್ಲಿ ಆರಂಭವಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದ ಲಂಗರಿನ ಗುರುತನ್ನು ಓದುವುದನ್ನು ಯಾರೂ ಬೇಗ ಕಲಿಯಬಹುದು. ಆಮೆಚಿಪ್ಪು, ದಂತಗಳ ಡಬ್ಬಿಗಳ ಮಾರಾಟದ ಮೇಲೆ ಈಗ ಕಠಿಣವಾದ ನಿರ್ಬಂಧಗಳಿವೆ.

ಉತ್ತಮವಾದವನ್ನು ನೋಡುವುದಕ್ಕೆ ಲಂಡನ್ನಿನ ವಾಲೇಸ್ ಸಂಗ್ರಹ, ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಗಿಲ್ಬರ್ಟ್ ಸಂಗ್ರಹ, ಪ್ಯಾರಿಸಿನ ಲೂವ್ರ್ ಪ್ರಸಿದ್ಧವಾದ ತಾಣಗಳು. ಇವುಗಳ ರಕ್ಷಣೆ ಸುಲಭವಲ್ಲ. 2003ರಲ್ಲಿ ಇಂಗ್ಲೆಂಡಿನ ವಾಡೆಸ್ಡನ್ ಮಹಲಿಗೆ ಮುಸುಕುಧಾರಿಗಳು ನುಗ್ಗಿ, ಕೆಲವೇ ನಿಮಿಷಗಳಲ್ಲಿ ಸುಮಾರು ನೂರು ಚಿನ್ನದ ಡಬ್ಬಿಗಳನ್ನೂ ಇತರ ಅಮೂಲ್ಯ ವಸ್ತುಗಳನ್ನೂ ದೋಚಿದರು. ಚಿನ್ನದ ಆಸೆಗೆ ಕರಗಿಸಲ್ಪಟ್ಟ ಡಬ್ಬಿಯೊಡನೆ ಮುದ್ರೆಗಳೂ ಹೋಗುತ್ತವೆ, ಕೀಲೂ ಹೋಗುತ್ತದೆ; ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಹಾಗೆ ನಾಶವಾದವುಗಳಿಗೆ ಲೆಕ್ಕವಿಲ್ಲ.

ನಮ್ಮ ಮನೆಗಳಲ್ಲಿಯೂ ನಶ್ಯದ ಡಬ್ಬಿಗಳಿದ್ದುವು. ಪಂಚೆಯ ಮಡಿಲಿನಲ್ಲೋ ಚೀಲದಲ್ಲೋ ಹಿರಿಯರು ಇರಿಸಿಕೊಳ್ಳುತ್ತಿದ್ದ ಹಿತ್ತಾಳೆಯ, ಬೆಳ್ಳಿಯ ಆ ಸಣ್ಣ ಡಬ್ಬಿಗಳನ್ನು ಯಾರೂ ಸಂಗ್ರಹದ ವಸ್ತುವೆಂದು ಎಣಿಸದೆ, ತೂಕಕ್ಕೆ ಹಾಕಿ ಮಾರಿದ್ದಾರೆ. ಅಟ್ಟದ ಪೆಟ್ಟಿಗೆಯಲ್ಲಿ ಅಂಥದೊಂದು ಸಿಕ್ಕಿದರೆ ಅದು ಯಾರದಾಗಿತ್ತು, ಯಾವ ಊರಿನಲ್ಲಿ ಮಾಡಿಸಿದುದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಬೇಕು. ಹುಣಸೆಹಣ್ಣಿನಿಂದ ಬೆಳಗುವ ಅವಸರವನ್ನು ಮಾತ್ರ ಮಾಡಬಾರದು, ಏಕೆಂದರೆ ಪದೇ ಪದೇ ತಿಕ್ಕಿದ ಹಿತ್ತಾಳೆಯ ಮೇಲೆ ಮೊದಲು ಸವೆದುಹೋಗುವುದು ಉಳಿಯ ಕೆತ್ತನೆ, ಅನಂತರ ಸಡಿಲವಾಗುವುದು ಕೀಲಿನ ನಳಿಗೆ.