ಔಷಧದ ಬೆಲೆಯೂ ಪೇಟೆಂಟು ಕಾನೂನೂ

ಸಂತೆಯಲ್ಲಿ ಬದನೆಕಾಯಿಯ ಬೆಲೆ ಏರಿದರೆ ನಾವು ಕುಂಬಳಕಾಯಿಯನ್ನು ಕೊಳ್ಳಬಹುದು. ಮುಂದಿನ ಅಂಗಡಿಯಲ್ಲಿ ಚೌಕಾಸಿ ಮಾಡಬಹುದು. ಔಷಧದ ವಿಷಯ ಹಾಗಲ್ಲ. ವೈದ್ಯರು ಬರೆದುಕೊಟ್ಟುದನ್ನು ಅಂಗಡಿಯವನು ಹೇಳಿದ ಬೆಲೆಗೆ ಕೊಳ್ಳಬೇಕು, ಇಲ್ಲವೇ ಬಿಡಬೇಕು. ನಮ್ಮಂಥ ಕೂಲಿಯವರ ಮನೆಗಳಲ್ಲಿ ತಿಂಗಳ ಕೊನೆಗೆ ಮೊದಲು ನಿಲ್ಲುವುದು ಹಿರಿಯರ ಗುಳಿಗೆ, ಮಕ್ಕಳ ಪುಸ್ತಕವಲ್ಲ. ಇದನ್ನು ಕಂಡು ಬೆಳೆದವನಾದುದರಿಂದ, ಆ ಬೆಲೆಯ ಹಿಂದಿರುವ ಕಾನೂನನ್ನು ನಾನು ತಿಳಿದಮಟ್ಟಿಗೆ ಇಲ್ಲಿ ವಿವರಿಸಿದ್ದೇನೆ.

ಹೊಸದೊಂದನ್ನು ಕಂಡುಹಿಡಿದವನಿಗೆ, ಅದನ್ನು ಇಂತಿಷ್ಟು ವರ್ಷ ಬೇರೆ ಯಾರೂ ಮಾಡದಂತೆ, ಮಾರದಂತೆ ತಡೆಯುವ ಹಕ್ಕನ್ನು ಸರಕಾರವು ಕೊಡುತ್ತದೆ. ಇದೇ ಪೇಟೆಂಟು. ಇದರಲ್ಲಿ ಎರಡು ಬಗೆ. ಮೈಸೂರುಪಾಕನ್ನು ಒಬ್ಬನು ಹೊಸದಾಗಿ ಮಾಡಿದನೆಂದು ಭಾವಿಸೋಣ. ಮಾಡುವ ವಿಧಾನಕ್ಕೆ ಮಾತ್ರ ಹಕ್ಕಿದ್ದರೆ, ಮತ್ತೊಬ್ಬನು ಬೇರೆ ವಿಧಾನದಿಂದ ಅದನ್ನೇ ಮಾಡಿ ಮಾರಬಹುದು. ಪದಾರ್ಥಕ್ಕೇ ಹಕ್ಕಿದ್ದರೆ, ಯಾವ ವಿಧಾನದಿಂದಲೂ ಮಾಡುವಂತಿಲ್ಲ. ಮೊದಲನೆಯದರಲ್ಲಿ ಪೈಪೋಟಿಯುಂಟು, ಎರಡನೆಯದರಲ್ಲಿ ಒಬ್ಬನೇ ಮಾರಾಟಗಾರ.

ಸ್ವಾತಂತ್ರ್ಯ ಬಂದ ಮೇಲೂ ನಮ್ಮಲ್ಲಿ ಬ್ರಿಟಿಷರ ೧೯೧೧ರ ಕಾನೂನೇ ನಡೆಯುತ್ತಿತ್ತು. ಹೆಚ್ಚಿನ ಪೇಟೆಂಟುಗಳು ವಿದೇಶೀಯರ ಕೈಯಲ್ಲಿದ್ದವು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರು ೧೯೫೯ರಲ್ಲಿ ಸಲ್ಲಿಸಿದ ವರದಿಯ ಆಧಾರದ ಮೇಲೆ ೧೯೭೦ರ ಪೇಟೆಂಟು ಕಾನೂನು ರೂಪುಗೊಂಡು, ೧೯೭೨ರಲ್ಲಿ ಜಾರಿಗೆ ಬಂದಿತು. ಅದರಂತೆ ಔಷಧಗಳಿಗೆ ವಿಧಾನದ ಹಕ್ಕು ಮಾತ್ರ ದೊರೆಯುತ್ತಿತ್ತು. ಅದೂ ಹೆಚ್ಚೆಂದರೆ ೭ ವರ್ಷ. ನಮ್ಮ ಕಾರ್ಖಾನೆಗಳು ಬೇರೆ ವಿಧಾನಗಳನ್ನು ಕಲಿತು, ಅವೇ ಔಷಧಗಳನ್ನು ಕಡಿಮೆ ಬೆಲೆಗೆ ಮಾಡತೊಡಗಿದವು.

೧೯೯೫ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯು ಸ್ಥಾಪಿತವಾಯಿತು. ಅದರ ಒಪ್ಪಂದಕ್ಕೆ ಅನುಸಾರವಾಗಿ ಭಾರತವು ೨೦೦೫ರಿಂದ ಔಷಧ ಪದಾರ್ಥಕ್ಕೇ ೨೦ ವರ್ಷಗಳ ಪೇಟೆಂಟು ಕೊಡಬೇಕಾಯಿತು. ಆದರೆ ನಮ್ಮ ಶಾಸನಸಭೆ ಎರಡು ಬಾಗಿಲುಗಳನ್ನು ತೆರೆದಿಟ್ಟಿತು. ಹಳೆಯ ಔಷಧದ ರೂಪವನ್ನಷ್ಟೇ ಬದಲಿಸಿ, ಗುಣವನ್ನು ಹೆಚ್ಚಿಸದಿದ್ದರೆ ಹೊಸ ಪೇಟೆಂಟು ಇಲ್ಲವೆಂಬುದು ಒಂದು. ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಕ್ತದ ಕ್ಯಾನ್ಸರಿನ ಔಷಧವಾದ ಗ್ಲಿವೆಕ್‌ನ ವಿಷಯದಲ್ಲಿ ನೊವಾರ್ಟಿಸ್ ಕಂಪೆನಿಯ ಕೋರಿಕೆಯನ್ನು ತಳ್ಳಿದ್ದು ಇದರಿಂದಲೇ.

ಎರಡನೆಯದು ಕಡ್ಡಾಯ ಪರವಾನಗಿ. ಪಿತ್ತಕೋಶ ಮೂತ್ರಪಿಂಡಗಳೆಂಬ ಹೆಸರುಗಳನ್ನು ಪಾಠದಲ್ಲಿ ಓದುವ ನಮಗೆ ಅವುಗಳ ಕ್ಯಾನ್ಸರಿನ ಖರ್ಚು ತಿಳಿಯದು. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರಿಗೆ ಕೊಡುವ ನೆಕ್ಸಾವರ್ ಎಂಬ ಬಾಯರ್ ಕಂಪೆನಿಯ ಔಷಧಕ್ಕೆ ತಿಂಗಳಿಗೆ ಸುಮಾರು ೨,೮೦,೦೦೦ ರೂಪಾಯಿ ಆಗುತ್ತಿತ್ತು. ೨೦೧೨ರ ಮಾರ್ಚಿಯಲ್ಲಿ ಪೇಟೆಂಟು ಅಧಿಕಾರಿಯು, ಜನರಿಗೆ ಅದು ಎಟಕುವ ಬೆಲೆಗೆ ಸಿಕ್ಕುತ್ತಿಲ್ಲವೆಂದು, ನ್ಯಾಟ್ಕೊ ಕಂಪೆನಿಗೂ ಮಾಡಲು ಅನುಮತಿಯಿತ್ತನು. ಅದರ ಬೆಲೆ ಆಗ ೮,೮೮೦ ರೂಪಾಯಿ. ಮಾರಾಟದ ೬ ಭಾಗವನ್ನು ನೂರಕ್ಕೆ ಲೆಕ್ಕಹಾಕಿ ಬಾಯರ್‌ಗೆ ಕೊಡಬೇಕೆಂದಿತ್ತು. ಮುಂದೆ ಇದು ೭ ಆಯಿತು. ಹಕ್ಕುದಾರನಿಗೂ ಪಾಲು, ರೋಗಿಗೂ ಔಷಧ.

ಪೇಟೆಂಟು ಮುಗಿದರೂ ಕೊಳ್ಳುವವನ ತೊಂದರೆ ಪೂರ್ತಿ ನೀಗದು. ಔಷಧದ ವ್ಯಾಪಾರಿ ಹೆಸರು ಬೇರೊಂದು ಕಾನೂನಿಗೆ ಸೇರಿದ್ದು. ಅದನ್ನು ೧೦ ವರ್ಷಕ್ಕೊಮ್ಮೆ ನವೀಕರಿಸುತ್ತ ಎಷ್ಟು ಕಾಲವಾದರೂ ಉಳಿಸಿಕೊಳ್ಳಬಹುದು. ಚೀಟಿಯಲ್ಲಿ ಒಂದು ಹೆಸರಿದ್ದರೆ ಅಂಗಡಿಯವನು ತಾನಾಗಿ ಇನ್ನೊಂದನ್ನು ಕೊಡುವಂತಿಲ್ಲ. ವೈದ್ಯರು ಔಷಧದ ಮೂಲ ಹೆಸರನ್ನೇ ಬರೆದುಕೊಟ್ಟರೆ ಜನೌಷಧಿ ಅಂಗಡಿಗಳಲ್ಲಿ ಅದನ್ನೇ ಅಗ್ಗವಾಗಿ ಕೊಳ್ಳಬಹುದು.

ಹೊಸ ಔಷಧವನ್ನು ಹುಡುಕಲು ವರ್ಷಗಳ ಶ್ರಮವೂ ಅಪಾರ ಹಣವೂ ಬೇಕು. ಪ್ರತಿಫಲವಿಲ್ಲದೆ ಯಾರೂ ಆ ಕೆಲಸಕ್ಕೆ ಕೈಹಾಕರು ಎಂಬ ವಾದವು ಸುಳ್ಳಲ್ಲ. ಆದರೆ ರೋಗಿಯ ಕೈಗೆ ಎಟಕದ ಔಷಧವು ಅವನ ಪಾಲಿಗೆ ಇನ್ನೂ ಕಂಡುಹಿಡಿಯದ ಔಷಧವೇ ಸರಿ. ಈ ಎರಡನ್ನೂ ತೂಗಿ ನೋಡುವುದೇ ಕಾನೂನಿನ ಕೆಲಸ. ತಕ್ಕಡಿ ಯಾವ ಕಡೆಗೆ ವಾಲುತ್ತಿದೆಯೆಂದು ಗಮನಿಸುತ್ತಿರುವುದು ವಿದ್ಯಾವಂತರಾದ ನಮ್ಮ ಕರ್ತವ್ಯ.