ಔಷಧಿಯ ಹಾದಿಯಲ್ಲೊಂದು ಉದ್ಯೋಗ

ಮಗನೋ ಮಗಳೋ ಬಿ.ಫಾರ್ಮ. ಮುಗಿಸಿದರೆ ಮುಂದೇನು? ಔಷಧಿ ಅಂಗಡಿ, ಇಲ್ಲವೇ ವೈದ್ಯರ ಬಾಗಿಲಿಗೆ ಅಲೆಯುವ ಮಾರಾಟ ಪ್ರತಿನಿಧಿಯ ಕೆಲಸ ಎಂಬ ಎಣಿಕೆಯೇ ನಮ್ಮ ಮನೆಗಳಲ್ಲಿ ಹೆಚ್ಚು. ಔಷಧಿ, ಲಸಿಕೆ ತಯಾರಿಸುವ ಕಂಪನಿಗಳಿಗೆ ಸಾಗಣೆ, ದಾಸ್ತಾನು, ಪೂರೈಕೆಗಳ ಬಗೆಗೆ ಸಲಹೆ ನೀಡುವ ಉದ್ಯೋಗವೊಂದು ಬೆಳೆದು ನಿಂತಿರುವುದು ಅನೇಕರ ಗಮನಕ್ಕೆ ಬಂದಿಲ್ಲ. ಆ ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಅಕ್ಕಿ ಸಾಗಿಸುವುದಕ್ಕೂ ಲಸಿಕೆ ಸಾಗಿಸುವುದಕ್ಕೂ ಏನು ಭೇದವೆಂದು ಕೇಳಬಹುದು. ಅಕ್ಕಿ ಕೆಟ್ಟರೆ ಮೂಗಿಗೆ ತಿಳಿಯುತ್ತದೆ. ಲಸಿಕೆ ಕೆಟ್ಟರೆ ಎಷ್ಟೋ ವೇಳೆ ಕಣ್ಣಿಗೂ ತಿಳಿಯದು. ಹೆಪಟೈಟಿಸ್-ಬಿ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರಬೇಕು. ಬಿಸಿಲಿನ ಭಯ ಎಲ್ಲರಿಗೂ ಉಂಟು. ಆದರೆ ಈ ಲಸಿಕೆಗೆ ಹೆಪ್ಪುಗಟ್ಟುವುದೇ ದೊಡ್ಡ ಅಪಾಯ. ಮಂಜುಗಡ್ಡೆಗೆ ಒತ್ತಿಕೊಂಡು ಒಮ್ಮೆ ಹೆಪ್ಪುಗಟ್ಟಿದರೆ, ಕರಗಿದ ಮೇಲೂ ಅದರ ಶಕ್ತಿ ಮರಳುವುದಿಲ್ಲ. ತಣ್ಣಗಿದ್ದಷ್ಟೂ ಕ್ಷೇಮವೆಂದು ನಂಬಿದ ಕೆಲಸಗಾರನು ಒಳ್ಳೆಯ ಮನಸ್ಸಿನಿಂದಲೇ ಇಡೀ ಪೆಟ್ಟಿಗೆಯನ್ನು ಹಾಳುಮಾಡಬಲ್ಲನು. ಮಗುವಿಗೆ ಚುಚ್ಚುಮದ್ದು ಹಾಕಿಸಿದ ತಾಯಿಗೆ ಮಾತ್ರ ರಕ್ಷಣೆ ದೊರೆಯಿತೆಂಬ ನೆಮ್ಮದಿ!

ಸಲಹೆಗಾರರ ಕೆಲಸ ಇಲ್ಲಿ ಬೇಕಾಗುತ್ತದೆ. ಪೆಟ್ಟಿಗೆಯೊಳಗೆ ಉಷ್ಣತೆ ದಾಖಲಿಸುವ ಪುಟ್ಟ ಯಂತ್ರವನ್ನಿರಿಸಿ, ಕಾರ್ಖಾನೆಯಿಂದ ಆಸ್ಪತ್ರೆಯವರೆಗೆ ಸರಕು ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿತು, ಎಲ್ಲಿ ಕೈ ಬದಲಾಯಿತು ಎಂಬುದನ್ನು ಅವರು ಪರಿಶೀಲಿಸುತ್ತಾರೆ. ಮೊದಲು ಬಂದದ್ದನ್ನಲ್ಲ, ಮೊದಲು ಅವಧಿ ಮುಗಿಯುವುದನ್ನೇ ಉಗ್ರಾಣದಿಂದ ಹೊರಗೆ ಕಳುಹಿಸುವ ಕ್ರಮವನ್ನು ರೂಢಿಗೆ ತರುತ್ತಾರೆ. ದಾಸ್ತಾನು ಕಡಿಮೆಯಾದರೆ ರೋಗಿ ಬರಿಗೈಯಲ್ಲಿ ಮರಳಬೇಕು. ಹೆಚ್ಚಾದರೆ ಅವಧಿ ಮೀರಿದ ಔಷಧಿಯನ್ನು ನಾಶಮಾಡಬೇಕು. ಮನೆಯ ದಿನಸಿ ತೂಗಿಸುವ ಗೃಹಿಣಿಯರಿಗೆ ಈ ಲೆಕ್ಕ ಹೊಸದೇನಲ್ಲ.

ಕಾನೂನೂ ಈ ಕೆಲಸವನ್ನು ಹೆಚ್ಚಿಸಿದೆ. ಔಷಧಿಯ ಪ್ರತಿಯೊಂದು ಪೊಟ್ಟಣದ ಜಾಡು ಹಿಡಿಯುವ ವ್ಯವಸ್ಥೆಗಾಗಿ ಅಮೆರಿಕ 2013ರಲ್ಲಿ ಕಾಯಿದೆ ಮಾಡಿತು. ಅಲ್ಲಿಗೆ ಮಾತ್ರೆ ಕಳುಹಿಸುವ ನಮ್ಮ ಕಂಪನಿಗಳಿಗೂ ಅದರ ಬಿಸಿ ತಟ್ಟಿದೆ. ಭಾರತದಲ್ಲಿ 300 ಪ್ರಮುಖ ಔಷಧಿಗಳ ಮೇಲೆ ಕ್ಯೂಆರ್ ಸಂಕೇತವಿರಬೇಕೆಂಬ ನಿಯಮ 2023ರ ಆಗಸ್ಟ್ 1ರಂದು ಜಾರಿಗೆ ಬಂದಿತು.

ಬಿ.ಫಾರ್ಮ. ಅಥವಾ ಎಂಜಿನಿಯರಿಂಗ್ ಪದವಿಯ ನಂತರ ಎಂ.ಬಿ.ಎ. ಮಾಡಿ ಈ ಕ್ಷೇತ್ರಕ್ಕೆ ಬರುವವರು ಹಲವರು. ಆದರೆ ಎರಡರ ನಡುವೆ ಎರಡು ವರ್ಷವಾದರೂ ಉಗ್ರಾಣದಲ್ಲೋ ಕಾರ್ಖಾನೆಯಲ್ಲೋ ದುಡಿಯುವುದು ಮೇಲೆಂದು ನಮ್ಮ ಅಭಿಪ್ರಾಯ. "ಇಷ್ಟು ಓದಿಸಿ ಗೋದಾಮಿಗೆ ಕಳಿಸುವುದೇ?" ಎಂದು ತಂದೆತಾಯಿಗಳು ಮುಖ ಸಿಂಡರಿಸಬಾರದು. ಶೀತಲ ಕೋಣೆಯ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತದೆಂದು ನಿಂತು ನೋಡದವರು ಕೊಡುವ ಸಲಹೆ ಬಹುಮಟ್ಟಿಗೆ ಖರ್ಚು ಕಡಿತದ ಸಲಹೆಯಾಗಿಯೇ ಉಳಿಯುತ್ತದೆ. ಖರ್ಚು ಉಳಿಸಿಕೊಡಿರೆಂದೇ ಕಂಪನಿ ಹಣ ಕೊಟ್ಟು ಕರೆಸಿರುವಾಗ, ಈ ಒಂದು ಖರ್ಚನ್ನು ಮುಟ್ಟಬೇಡಿರೆಂದು ಹೇಳುವ ಧೈರ್ಯ ಕಣ್ಣಾರೆ ಕಂಡ ಅನುಭವದಿಂದಲೇ ಬರಬೇಕು.

ಊರೂರು ತಿರುಗಾಟ ತಪ್ಪದು. ಮನೆಗೆ ಬರುವ ಹೊತ್ತೂ ನಿಶ್ಚಿತವಲ್ಲ. ಮದುವೆಯ ಮಾತುಕತೆಗೆ ಮೊದಲೇ ಎರಡೂ ಮನೆಯವರು ಇದನ್ನು ಅರಿತಿರುವುದು ಒಳಿತು. ಪೂರೈಕೆ ನಿರ್ವಹಣೆಯ ಪ್ರಮಾಣಪತ್ರಗಳನ್ನು ನೀಡುವ ಸಂಸ್ಥೆಗಳೂ ಇವೆ. ಅವುಗಳಿಗೆ ಹಣ ಕಟ್ಟುವುದನ್ನು ಕೆಲಸಕ್ಕೆ ಸೇರಿದ ಮೇಲೆ ಯೋಚಿಸಿದರಾಯಿತು. ಎಷ್ಟೋ ಕಂಪನಿಗಳು ಆ ಶುಲ್ಕವನ್ನು ತಾವೇ ಭರಿಸುವುದುಂಟು.